ಹಿಮ್ಮಡಿ ನೋವಿದ್ದರೂ 21 ಕಿ.ಮೀ. ಓಟಕ್ಕೆ ತಯಾರಾಗಬಹುದೇ?

ಓಟದ ಬಗ್ಗೆ ಮೊಬೈಲಿಗೆ ಬರುವ ಫಾರ್ವರ್ಡ್‌ಗಳಲ್ಲಿ ಎರಡು ಬಗೆ. ನೋವಿದ್ದರೂ ಓಡುತ್ತಲೇ ಇರಿ, ಮೈ ಪಳಗಿದರೆ ನೋವು ತಾನೇ ಹೋಗುತ್ತದೆ ಎನ್ನುವುದು ಒಂದು. ನೋವು ಪೂರ್ತಿ ಹೋಗುವವರೆಗೆ ಕಾಲು ಅಲುಗಾಡಿಸಬೇಡಿ ಎನ್ನುವುದು ಇನ್ನೊಂದು. ತಿಂಗಳುಗಟ್ಟಲೆ ಕಾಡುವ ಹಿಮ್ಮಡಿ ನೋವಿನ ವಿಷಯದಲ್ಲಿ ಎರಡೂ ತಪ್ಪು.

ಪಾಮನಕಲ್ಲೂರು, ಮಸ್ಕಿ, ಸಿಂಧನೂರು ಕಡೆಯ ಹುಡುಗರಿಗೆ ಓಟ ಎಂದರೆ ಮೊದಲು ನೆನಪಾಗುವುದು ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಯ 1,600 ಮೀಟರ್. 6 ನಿಮಿಷ 30 ಸೆಕೆಂಡಿನೊಳಗೆ ಅದನ್ನು ಮುಗಿಸಬೇಕು. ಹಾಫ್ ಮ್ಯಾರಥಾನ್ 21.1 ಕಿ.ಮೀ., ಅಂದರೆ ಅದರ 13 ಪಟ್ಟು. ರಾಯಚೂರು ಜಿಲ್ಲೆಯವರಿಗೆ ಬೆಂಗಳೂರಿಗಿಂತ ಹತ್ತಿರವಾಗುವ ಹೈದರಾಬಾದ್ ಮ್ಯಾರಥಾನ್ ಸಾಮಾನ್ಯವಾಗಿ ಆಗಸ್ಟ್ ಕೊನೆಗೆ ನಡೆಯುತ್ತದೆ. ಭರ್ತಿಗೆಂದು ಜೋರಾಗಿ ಓಡಿ ಹಿಮ್ಮಡಿ ಕೆಡಿಸಿಕೊಂಡವರು ಅದೇ ಕಾಲಲ್ಲಿ ಅಲ್ಲಿಗೆ ಹೋಗಬಹುದೇ? ಹೋಗಬಹುದು, ಆದರೆ ಲೆಕ್ಕ ಇಟ್ಟು.

ಮೊದಲು ನೋಯುತ್ತಿರುವುದು ಯಾವುದು ಎಂದು ತಿಳಿಯಬೇಕು. ಹಿಮ್ಮಡಿಯ ಮೇಲೆ, ಕಾಲಿನ ಹಿಂಭಾಗದಲ್ಲಿ ಬೆರಳಿಗೆ ಸಿಗುವ ದಪ್ಪ ಹುರಿಯನ್ನು ನಾವೆಲ್ಲ 'ನರ' ಎನ್ನುತ್ತೇವೆ. ಅದು ನರವಲ್ಲ. ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಕಟ್ಟಿರುವ ಹಗ್ಗ ಅದು. ಹೆಸರು ಅಕಿಲಿಸ್ ಸ್ನಾಯುರಜ್ಜು. ಓಡುವಾಗ ಪ್ರತಿ ಹೆಜ್ಜೆಗೂ ಅದರ ಮೇಲೆ ಮೈತೂಕದ ಆರೇಳು ಪಟ್ಟು ಎಳೆತ ಬೀಳುತ್ತದೆ. ತಾಳುವುದಕ್ಕಿಂತ ಹೆಚ್ಚು ಎಳೆತ ಬಿದ್ದಾಗ ಅದರ ಎಳೆಗಳ ಜೋಡಣೆ ಕೆಡುತ್ತದೆ. ಬೆಳಿಗ್ಗೆ ಎದ್ದು ಮೊದಲ ಹತ್ತು ಹೆಜ್ಜೆ ಬಿಗಿತ, ಸ್ವಲ್ಪ ನಡೆದ ಮೇಲೆ ಹಗುರ, ಓಟ ಮುಗಿದ ಮೇಲೆ ಮತ್ತೆ ನೋವು: ಇದು ಅದರ ಗುರುತು.

ಸುಮ್ಮನೆ ಕೂತರೆ ನೋವು ಕಡಿಮೆಯಾಗುತ್ತದೆ, ನಿಜ. ಆದರೆ ಕೆಲಸವಿಲ್ಲದ ಹಗ್ಗ ಇನ್ನೂ ದುರ್ಬಲವಾಗುತ್ತದೆ. ಮೂರು ವಾರ ಬಿಟ್ಟು ಓಡಿದ ದಿನವೇ ನೋವು ಮರಳುವುದು ಇದಕ್ಕೇ.

ಇಲ್ಲೊಂದು ಸ್ವಾರಸ್ಯದ ಕಥೆ ಇದೆ. ಸ್ವೀಡನ್ನಿನ ಮೂಳೆ ವೈದ್ಯ ಹೊಕನ್ ಆಲ್ಫ್ರೆಡ್‌ಸನ್ ಅವರಿಗೂ ಇದೇ ನೋವಿತ್ತು. ಶಸ್ತ್ರಚಿಕಿತ್ಸೆ ಮಾಡಿ ಎಂದು ತಮ್ಮ ಮೇಲಿನವರನ್ನು ಕೇಳಿದರು, ಅವರು ಒಪ್ಪಲಿಲ್ಲ. ಹಗ್ಗ ಹರಿದೇ ಹೋದರೆ ಆಗ ಮಾಡಲೇಬೇಕಲ್ಲ ಎಂದು ಆಲ್ಫ್ರೆಡ್‌ಸನ್ ನೋಯುವ ಕಾಲಿಗೇ ಭಾರದ ವ್ಯಾಯಾಮ ಕೊಡತೊಡಗಿದರು. ಹರಿಯಲಿಲ್ಲ, ವಾಸಿಯಾಯಿತು! 1998ರಲ್ಲಿ ಅವರ ತಂಡ 15 ಹವ್ಯಾಸಿ ಓಟಗಾರರ ಮೇಲೆ ಇದನ್ನು ಪರೀಕ್ಷಿಸಿತು. 12 ವಾರಗಳಲ್ಲಿ ಹದಿನೈದೂ ಮಂದಿ ಓಟಕ್ಕೆ ಮರಳಿದರು. ನಂತರದ ಅಧ್ಯಯನಗಳಲ್ಲಿ ಫಲ ಇಷ್ಟು ಪೂರ್ಣವಾಗಿ ಕಾಣಲಿಲ್ಲ. ಆದರೂ ಭಾರವೇ ಮದ್ದು ಎಂಬ ಮಾತು ಉಳಿದುಕೊಂಡಿತು.

ವ್ಯಾಯಾಮಕ್ಕೆ ಒಂದು ಮೆಟ್ಟಿಲು ಸಾಕು. ಗೋಡೆ ಹಿಡಿದು ಮೆಟ್ಟಿಲ ಅಂಚಿನಲ್ಲಿ ತುದಿಗಾಲಲ್ಲಿ ನಿಲ್ಲಿ. ಮೇಲೇಳಲು ಒಳ್ಳೆಯ ಕಾಲು ಬಳಸಿ. ಈಗ ಭಾರವನ್ನು ನೋಯುವ ಕಾಲಿಗೆ ಹಾಕಿ, ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಕ್ಕೆ ನಿಧಾನವಾಗಿ ಇಳಿಸಿ. ಮೊಣಕಾಲು ನೆಟ್ಟಗಿಟ್ಟು 15ರಂತೆ ಮೂರು ಸಲ, ಸ್ವಲ್ಪ ಮಡಿಸಿ 15ರಂತೆ ಮೂರು ಸಲ. ಹೀಗೆ ದಿನಕ್ಕೆ ಎರಡು ಹೊತ್ತು, 12 ವಾರ. ಸಲೀಸಾದಾಗ ಬೆನ್ನಿಗೊಂದು ಬ್ಯಾಗ್ ಹಾಕಿ ತೂಕ ಸೇರಿಸಬೇಕು. ನೋವು ಹಗ್ಗದ ನಡುವೆ ಇಲ್ಲದೆ ಮೂಳೆಗೆ ಅಂಟಿದ ಜಾಗದಲ್ಲಿದ್ದರೆ ಮೆಟ್ಟಿಲು ಬೇಡ, ಸಮ ನೆಲದ ಮೇಲೆ ಮಾಡಿ. ಜೂನ್ ಮೊದಲ ವಾರ ಶುರುಮಾಡಿದರೆ ಆಗಸ್ಟ್ ಕೊನೆಗೆ 12 ವಾರ ಆಗುತ್ತದೆ.

ಈ ನಡುವೆ ಓಡಬಹುದೇ? ಸ್ವೀಡನ್ನಿನಲ್ಲೇ 2007ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 38 ರೋಗಿಗಳನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪು ಓಟ, ಜಿಗಿತ ನಿಲ್ಲಿಸಿತು; ಇನ್ನೊಂದು ನೋವಿನ ಮೇಲೆ ಕಣ್ಣಿಟ್ಟು ಮುಂದುವರಿಸಿತು. ಮುಂದುವರಿಸಿದವರಿಗೆ ಕೆಡುಕೇನೂ ಆಗಲಿಲ್ಲ. ಅವರ ನಿಯಮ ಸರಳ. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ಓಡುವಾಗ ಐದು ದಾಟಬಾರದು, ಮರುದಿನ ಬೆಳಿಗ್ಗೆಯೊಳಗೆ ತಗ್ಗಬೇಕು, ವಾರದಿಂದ ವಾರಕ್ಕೆ ಏರಬಾರದು. ಓಡುವಾಗಿನ ನೋವಿಗಿಂತ ಮರುದಿನ ಬೆಳಗಿನ ಬಿಗಿತ ನಿಜ ಹೇಳುತ್ತದೆ. ಅದನ್ನೇ ಮೊಬೈಲಿನಲ್ಲಿ ದಿನಾ ಬರೆದಿಡಿ.

ವಾರದ ಒಟ್ಟು ದೂರವನ್ನು ಶೇ. 10ಕ್ಕಿಂತ ಹೆಚ್ಚಿಸಬೇಡಿ ಎಂಬ ಹಳೇ ಸೂತ್ರವೂ ಫಾರ್ವರ್ಡ್ ಆಗುತ್ತಿರುತ್ತದೆ. ನೆದರ್ಲೆಂಡ್ಸ್‌ನಲ್ಲಿ ಹೊಸ ಓಟಗಾರರ ಮೇಲೆ ಪರೀಕ್ಷಿಸಿದಾಗ ಸೂತ್ರ ಪಾಲಿಸಿದವರಿಗೂ ಪಾಲಿಸದವರಿಗೂ ಗಾಯ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ, ಶೇ. 20ರಷ್ಟು, ಆಯಿತು. ಆದರೆ 5,200 ಓಟಗಾರರ ಮೇಲಿನ 2025ರ ಅಧ್ಯಯನ ಬೇರೆ ಮಾತು ಹೇಳುತ್ತದೆ: ಅಪಾಯ ಇರುವುದು ಒಂದೇ ದಿನದ ಅತಿಯಲ್ಲಿ. ಕಳೆದ 30 ದಿನಗಳಲ್ಲಿ ನೀವು ಓಡಿದ ಅತಿ ಉದ್ದದ ಓಟ 8 ಕಿ.ಮೀ. ಆಗಿದ್ದರೆ, ಈ ಭಾನುವಾರ ಹುಮ್ಮಸ್ಸಿನಲ್ಲಿ 14 ಓಡಬೇಡಿ. ಒಂಬತ್ತಕ್ಕೆ ನಿಲ್ಲಿಸಿ.

ಮಾತ್ರೆಗಳ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ನಮ್ಮ ಕಡೆ ಜ್ವರ, ಭೇದಿ ಬಂದರೆ ಅಂಗಡಿಯಿಂದ ಚೀಟಿ ಇಲ್ಲದೇ ತಂದು ನುಂಗುವ ಸಿಪ್ರೊಫ್ಲಾಕ್ಸಾಸಿನ್, ಓಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್ ಇದೇ ಹಗ್ಗವನ್ನು ಹಾಳುಮಾಡಬಲ್ಲವು. ಅವುಗಳ ಮೇಲೆ ಈ ಎಚ್ಚರಿಕೆ ಮುದ್ರಿಸಲು ಅಮೆರಿಕದ ಔಷಧ ಇಲಾಖೆ 2008ರಲ್ಲೇ ಆದೇಶಿಸಿತು. ವೈದ್ಯರು ಇವನ್ನು ಬರೆಯುವಾಗ ಹಿಮ್ಮಡಿ ನೋವಿದೆ ಎಂದು ಹೇಳಿ. ಹಿಮ್ಮಡಿಗೆ ಸ್ಟೀರಾಯ್ಡ್ ಸೂಜಿ ಹಾಕಿಸಿಕೊಂಡರೆ ನಾಲ್ಕು ದಿನ ಹಾಯೆನಿಸುತ್ತದೆ, ಹಗ್ಗ ಹರಿಯುವ ಭಯ ಹೆಚ್ಚುತ್ತದೆ. ಓಟಕ್ಕೆ ಮುಂಚೆ ನೋವಿನ ಗುಳಿಗೆ ನುಂಗುವುದಂತೂ ಬೇಡವೇ ಬೇಡ. ಬಿಸಿಲು, ಬೆವರು, ಬತ್ತಿದ ಮೈ, ಜೊತೆಗೆ ಐಬುಪ್ರೊಫೆನ್ ಅಥವಾ ಡೈಕ್ಲೋಫೆನಾಕ್ ಸೇರಿದರೆ ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಜಿಲ್ಲೆಯಲ್ಲಿ ಇದು ಬರೀ ಪುಸ್ತಕದ ಮಾತಲ್ಲ. ಮೇಲಾಗಿ, ನೋವು ಮುಚ್ಚಿಹೋದರೆ ಅಂಕ ಕೊಡುವುದು ಯಾವುದಕ್ಕೆ?

ಕೆಲವು ಸಲ ಲೆಕ್ಕ ಬಿಟ್ಟು ಕೂಡಲೇ ವೈದ್ಯರ ಬಳಿ ಹೋಗಬೇಕು. ಹಿಂದಿನಿಂದ ಯಾರೋ ಒದ್ದಂತೆ ಫಟ್ಟೆಂದು ತುದಿಗಾಲಲ್ಲಿ ನಿಲ್ಲಲಾಗದಿದ್ದರೆ ಹಗ್ಗ ಹರಿದಿರಬಹುದು. ಮೂಳೆಯ ಮೇಲೆ ಒಂದೇ ಬೊಟ್ಟಿನಷ್ಟು ಜಾಗ ಒತ್ತಿದರೆ ನೋಯುವುದು, ರಾತ್ರಿ ಮಲಗಿದಾಗಲೂ ನೋಯುವುದು ಮೂಳೆ ಬಿರುಕಿನ ಲಕ್ಷಣ; ಅದರ ಮೇಲೆ ಓಡಿದರೆ ಮೂಳೆ ಮುರಿಯಬಹುದು. ಮೀನಖಂಡ ಊದಿ ಬಿಸಿಯಾಗಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಿಸಿಕೊಳ್ಳಬೇಡಿ.

ಓಟಕ್ಕೆ ಮೂರು ವಾರ ಇರುವಾಗ 16 ಕಿ.ಮೀ. ಓಡಿದ ಮರುದಿನವೂ ಬೆಳಗಿನ ಬಿಗಿತ ಹೆಚ್ಚದಿದ್ದರೆ 21ಕ್ಕೆ ಹೊರಡಿ. ಹೆಚ್ಚಿದರೆ, ಹೈದರಾಬಾದಿನಲ್ಲಿ 10 ಕಿ.ಮೀ. ವಿಭಾಗವೂ ಇದೆ.