ಹಿಂದಿನ ಸಾಲಿಗೂ ಕೇಳಲಿ

ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಕಡಿ ಹಲಗಿ ಅಂದ್ರ ಕೂಸಿಗೂ ಗೊತ್ತು. ಪಿಟೀಲು ಅಂದ್ರ ‘ಅದೇನ್ರೀ?’ ಅಂತ ತಿರುಗಿ ಕೇಳುವವರು ಬಹಳ. 1948ರ ಸೆಪ್ಟೆಂಬರ್‌ವರೆಗೆ ನಾವು ನಿಜಾಮನ ಸಂಸ್ಥಾನದವರು. ಮೈಸೂರಿನವರೂ ನಾವೂ ಒಂದೇ ರಾಜ್ಯದವರಾದದ್ದು 1956ರ ನವೆಂಬರ್ 1ಕ್ಕೆ. ಹೀಗಾಗಿ ಮೈಸೂರು ಟಿ. ಚೌಡಯ್ಯನವರ ಕಥೆಯನ್ನು ನಾವು ದೂರದಿಂದ, ನಮ್ಮದೇ ಪ್ರಶ್ನೆ ಹಿಡಿದುಕೊಂಡು ಓದುತ್ತೇವೆ.

ಪಿಟೀಲು ಈ ನೆಲದ ವಾದ್ಯವಲ್ಲ. ಬಿಳಿಯರ ಜೊತೆ ಮದರಾಸಿಗೆ ಬಂತು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಯುರೋಪಿನವನೊಬ್ಬನಿಂದ ಕಲಿತರು. ಆಗಿನ ತಂತಿ ಕುರಿಯ ಕರುಳಿನದು, ಕಮಾನಿನ ಕೂದಲು ಕುದುರೆ ಬಾಲದ್ದು. ಮಡಿಯ ಸಂಗೀತ ಕರುಳನ್ನು ಒಳಗೆ ಬಿಟ್ಟುಕೊಂಡಿತು, ಮೃದಂಗದ ಚರ್ಮವನ್ನೂ ಬಿಟ್ಟುಕೊಂಡಿತು. ಚರ್ಮ ಹದ ಮಾಡಿದ ಕೈ ಮಾತ್ರ ಹೊರಗೇ ಉಳಿಯಿತು. ಮೃದಂಗ ಕಟ್ಟುವ ಆ ಮನೆತನಗಳ ಚರಿತ್ರೆಯನ್ನು ಟಿ.ಎಂ. ಕೃಷ್ಣ ಪುಸ್ತಕ ಮಾಡಿದ್ದು 2020ರಲ್ಲಿ. ಎಷ್ಟು ತಡ!

ಚೌಡಯ್ಯ ಹುಟ್ಟಿದ್ದು 1895ರಲ್ಲಿ, ತಿರುಮಕೂಡಲಿನಲ್ಲಿ. ಅಗಸ್ತ್ಯೇಗೌಡರ ಮಗ, ಒಕ್ಕಲಿಗರ ಹುಡುಗ. ದಲಿತರಲ್ಲ, ಅದನ್ನು ಮರೆಮಾಚಬಾರದು. ಆದರೂ ಬ್ರಾಹ್ಮಣರೇ ತುಂಬಿದ್ದ ಕಛೇರಿಗೆ ಅವರು ಹೊರಗಿನವರೇ. 1910ರಿಂದ ಬಿಡಾರಂ ಕೃಷ್ಣಪ್ಪನವರ ಹತ್ತಿರ ಎಂಟು ವರ್ಷ ಕಲಿತರು. ಆಗ ಮೈಕಿಲ್ಲ. ದೊಡ್ಡ ಕಂಠದ ಗಾಯಕ ಹಾಡುವಾಗ ಪಿಟೀಲು ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ. ಕಾಸು ಕೊಟ್ಟು ಮುಂದೆ ಕೂತವನಿಗೆ ಕೇಳಿದರೆ ಸಾಕು ಅಂದುಕೊಳ್ಳಬಹುದಿತ್ತು. ಚೌಡಯ್ಯ ಹಾಗೆ ಅಂದುಕೊಳ್ಳಲಿಲ್ಲ. ನಾಲ್ಕು ತಂತಿಗಳಲ್ಲಿ ಮೂರಕ್ಕೆ ಜೋಡಿ ತಂತಿ ಕಟ್ಟಿ ಏಳು ಮಾಡಿದರು. ಎರಡು ತಂತಿಯನ್ನು ಒಂದೇ ಬೆರಳಿನಲ್ಲಿ ಒತ್ತಿ, ಒಂದೇ ಕಮಾನಿನಲ್ಲಿ ಎಳೆಯಬೇಕು. ಒಂದು ಕೂದಲೆಳೆ ತಪ್ಪಿದರೂ ಅಪಶ್ರುತಿ. ಇದು ರೈತನ ಮಗನ ದುಡಿಮೆ ಅಂತ ನಮಗೆ ಅನಿಸುತ್ತದೆ.

ಮುಂದೆ ಚೆಂಬೈ ಅಂಥವರ ಪಕ್ಕ ನುಡಿಸಿದರು, 1943ರಲ್ಲಿ ‘ವಾಣಿ’ ಎಂಬ ಚಿತ್ರ ತೆಗೆದರು, ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜು ಕಟ್ಟಿದರು. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಸಂಗೀತ ಕಲಾನಿಧಿ ಎಂದು ಕರೆಯಿತು. 1967ರಲ್ಲಿ ತೀರಿಕೊಂಡರು. 1980ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿಗೆ ಪಿಟೀಲಿನ ಆಕಾರದ ಭವನವೇ ಎದ್ದಿತು.

ಆದರೆ ಪಕ್ಕವಾದ್ಯ ಪಕ್ಕವಾದ್ಯವೇ. ಹಾಡುವವ ಹೋದ ಕಡೆ ಹೋಗಬೇಕು. ಪಿಟೀಲಿನವನು ಮುಂದೆ ನಿಂತು ಹತ್ತಾರು ವಾದ್ಯ ನಡೆಸಿದ್ದು ಆಕಾಶವಾಣಿಯಲ್ಲಿ. 1952ರಲ್ಲಿ ದೆಹಲಿಯಲ್ಲಿ ವಾದ್ಯವೃಂದ ಕಟ್ಟಿದಾಗ ರವಿಶಂಕರ್ ಅವರಂತೆಯೇ ಪಿಟೀಲು ವಿದ್ವಾಂಸ ಟಿ.ಕೆ. ಜಯರಾಮ ಅಯ್ಯರ್ ಕೂಡ ಅದನ್ನು ನಡೆಸಿದರು. ಎಲ್ಲರೂ ಕೂಡಿ ನುಡಿಸಬೇಕಾದರೆ ಯಾರು ಎಲ್ಲಿ ಸೇರಬೇಕು, ಎಲ್ಲಿ ನಿಲ್ಲಬೇಕು ಅಂತ ಮೊದಲೇ ಗೊತ್ತಾಗಬೇಕು. ಅಷ್ಟರಮಟ್ಟಿಗೆ ಮನೋಧರ್ಮಕ್ಕೆ ಕತ್ತರಿ. ಮುಂದಾಳು ಬೇಕೇ ಬೇಕು.

ಮುಂದಾಳು ನಮ್ಮಲ್ಲೂ ಇದ್ದಾನೆ. ಶಹಾಬಾದದ ಖಣಿಯಲ್ಲಿ ಹಗಲೆಲ್ಲ ಕಲ್ಲು ಎಬ್ಬಿಸಿದ ಕೈ ರಾತ್ರಿ ಮೆರವಣಿಗೆಯಲ್ಲಿ ಹಲಗಿ ಹಿಡೀತದ. ಅವ ಕಣ್ಣಾಗ ಸನ್ನಿ ಮಾಡಿದ್ರ ಹತ್ತು ಹಲಗಿ ಒಮ್ಮೆಗೇ ಪೆಟ್ಟು ಬದಲಿಸ್ತಾವ. ಬೆಂಕಿಗೆ ಕಾಯಿಸಿದ ಆ ಹಲಗಿಗೆ ಮೈಕಿನ ಹಂಗಿಲ್ಲ. ವಾಡಿ ಜಂಕ್ಷನ್ನಿನ ಗಾಡಿ ಸಪ್ಪಳದ ಮ್ಯಾಲೂ ಕೇಳ್ತದ. ಅವನಿಗೆ ವಿದ್ವಾಂಸ ಅಂತ ಯಾರೂ ಅನ್ನಲಿಲ್ಲ. ಮೆರವಣಿಗಿ ಮನಿ ಮುಟ್ಟಿದ ಮ್ಯಾಲ ಅವನ ಊಟದ ಎಲಿ ಎಲ್ಲಿ ಹಾಕಿದ್ರು ಅನ್ನೂದು ನಮಗ ಗೊತ್ತದ.