ಯುವಿ ದೀಪ ಉರಿದರೆ ಕುಡಿಯುವ ನೀರು ಸುರಕ್ಷಿತವೇ? ರೋಗಾಣುಗಳನ್ನು ಈ ಬೆಳಕು ತಡೆಯುವುದು ಹೀಗೆ

ಅಡುಗೆಮನೆಯ ವಾಟರ್ ಪ್ಯೂರಿಫೈಯರ್‌ನಲ್ಲಿ ಯುವಿ ದೀಪ ಉರಿಯುತ್ತಿದ್ದರೆ ನೀರು ಶುದ್ಧ ಎಂಬುದು ಹಲವರ ನಂಬಿಕೆ. ಆದರೆ ಈ ಬೆಳಕು ನೀರನ್ನು ಸೋಸುವುದಿಲ್ಲ, ಕುದಿಸುವುದಿಲ್ಲ, ಅದಕ್ಕೆ ಯಾವ ರಾಸಾಯನಿಕವನ್ನೂ ಸೇರಿಸುವುದಿಲ್ಲ. ಹಾಗಾದರೆ ಅದು ಮಾಡುವ ಕೆಲಸವೇನು?

ಏನಿದು ಯುವಿ-ಸಿ?
ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಲ್ಲಿ 100ರಿಂದ 280 ನ್ಯಾನೋಮೀಟರ್ ತರಂಗಾಂತರದವು ಯುವಿ-ಸಿ. ಸೂರ್ಯನಿಂದ ಬರುವ ಯುವಿ-ಸಿಯನ್ನು ವಾತಾವರಣವೇ ಹೀರಿಕೊಳ್ಳುತ್ತದೆ. ಹಾಗಾಗಿ ಪಾದರಸದ ಆವಿ ತುಂಬಿದ ದೀಪ ಅಥವಾ ಎಲ್‌ಇಡಿಗಳಿಂದ ಇದನ್ನು ಪಡೆಯಲಾಗುತ್ತದೆ. ಸಾಮಾನ್ಯವಾಗಿ ಬಳಸುವ ಪಾದರಸದ ದೀಪದ ಮುಖ್ಯ ತರಂಗಾಂತರ 254 ನ್ಯಾನೋಮೀಟರ್. ಡಿಎನ್‌ಎ ಚೆನ್ನಾಗಿ ಹೀರಿಕೊಳ್ಳುವುದೂ ಇದರ ಆಸುಪಾಸಿನ ಕಿರಣಗಳನ್ನೇ.

ವಂಶ ಬೆಳೆಯದಂತೆ ತಡೆ
ಈ ಕಿರಣ ತಾಗಿದಾಗ ಡಿಎನ್‌ಎಯಲ್ಲಿ ಅಕ್ಕಪಕ್ಕದಲ್ಲಿರುವ ಥೈಮಿನ್ ಘಟಕಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಗ ಡಿಎನ್‌ಎ ನಕಲು ಮಾಡುವ ಕೆಲಸ ನಿಂತುಹೋಗುತ್ತದೆ. ಆರ್‌ಎನ್‌ಎ ವೈರಸ್‌ಗಳಿಗೂ ಇಂಥದೇ ಹಾನಿಯಾಗುತ್ತದೆ. ಸೂಕ್ಷ್ಮಾಣು ತಕ್ಷಣ ಸಾಯದಿದ್ದರೂ ಸಂಖ್ಯೆ ಹೆಚ್ಚಿಸಿಕೊಳ್ಳಲಾರದು, ಸೋಂಕು ತರಲಾರದು. ಕ್ಲೋರಿನ್‌ಗೆ ಸುಲಭವಾಗಿ ಬಗ್ಗದ, ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ ಪರಾವಲಂಬಿಯೂ ಯುವಿಗೆ ಮಣಿಯುತ್ತದೆ.

ಆದರೆ ಬೆಳಕಿನ ತೀವ್ರತೆ ಮತ್ತು ತಾಗುವ ಸಮಯ ಎರಡೂ ಸಾಕಷ್ಟಿರಬೇಕು. ಪ್ರಮಾಣ ಕಡಿಮೆಯಾದರೆ ಕೆಲವು ಬ್ಯಾಕ್ಟೀರಿಯಾಗಳು ಹಾನಿಯನ್ನು ತಾವೇ ಸರಿಪಡಿಸಿಕೊಳ್ಳುತ್ತವೆ.

ಹಳೆಯ ತಂತ್ರಜ್ಞಾನ
ಸೂರ್ಯನ ಬೆಳಕು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತದೆ ಎಂದು ಬ್ರಿಟನ್‌ನ ಆರ್ಥರ್ ಡೌನ್ಸ್ ಮತ್ತು ಥಾಮಸ್ ಬ್ಲಂಟ್ 1877ರಲ್ಲಿ ತೋರಿಸಿದ್ದರು. 1910ರಲ್ಲಿ ಫ್ರಾನ್ಸ್‌ನ ಮಾರ್ಸೇ ನಗರದಲ್ಲಿ ಕುಡಿಯುವ ನೀರಿಗೆ ಯುವಿ ಬಳಸಲಾಯಿತು.

ಮನೆಯಲ್ಲಿ ಗಮನಿಸಬೇಕಾದ್ದು
* ಮಳೆಗಾಲದ ಕೆಂಪು ನೀರಿನಲ್ಲಿ ಮಣ್ಣಿನ ಕಣಗಳ ಮರೆಯಲ್ಲಿ ರೋಗಾಣುಗಳು ಉಳಿದುಬಿಡುತ್ತವೆ. ಆದ್ದರಿಂದ ಯುವಿಗೆ ಮೊದಲು ನೀರನ್ನು ಸೋಸಲೇಬೇಕು.
* ಬೋರ್‌ವೆಲ್ ನೀರಿನ ಲವಣ, ಫ್ಲೋರೈಡ್, ಆರ್ಸೆನಿಕ್ ಅಥವಾ ಸೀಸವನ್ನು ಯುವಿ ತೆಗೆಯುವುದಿಲ್ಲ.
* ಕ್ಲೋರಿನ್‌ನಂತೆ ಇದರ ಪರಿಣಾಮ ನೀರಿನಲ್ಲಿ ಉಳಿಯುವುದಿಲ್ಲ. ಶುದ್ಧವಾದ ನೀರನ್ನು ಕೊಳಕು ಬಿಂದಿಗೆಯಲ್ಲಿ ತುಂಬಿಟ್ಟರೆ ಮತ್ತೆ ಕಲುಷಿತವಾಗುತ್ತದೆ.
* ಕಣ್ಣಿಗೆ ಕಾಣುವ ನೀಲಿ ಹೊಳಪು ಯುವಿ-ಸಿ ಅಲ್ಲ. ದೀಪ ಹಳೆಯದಾದಂತೆ ಹೊಳಪು ಉಳಿದರೂ ಯುವಿ-ಸಿ ಪ್ರಮಾಣ ಕುಗ್ಗುತ್ತದೆ. ತಯಾರಕರು ಹೇಳಿದ ಅವಧಿಗೆ ದೀಪ ಬದಲಿಸಿ, ಅದರ ಗಾಜಿನ ಕವಚವನ್ನು ಸ್ವಚ್ಛ ಮಾಡಿಸಬೇಕು.

ಕಣ್ಣು, ಚರ್ಮಕ್ಕೆ ಅಪಾಯ
ರೋಗಾಣುಗಳಿಗೆ ಹಾನಿ ಮಾಡುವ ಈ ಕಿರಣ ಮನುಷ್ಯರ ಕಣ್ಣು, ಚರ್ಮಕ್ಕೂ ಹಾನಿಕರ. ಕೋವಿಡ್ ಕಾಲದಲ್ಲಿ ಯುವಿ ದೀಪಗಳ ಮಾರಾಟ ಹೆಚ್ಚಿದಾಗ, ಕೈ ಅಥವಾ ಚರ್ಮದ ಮೇಲೆ ಅವನ್ನು ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತ್ತು. ಪ್ಯೂರಿಫೈಯರ್‌ನ ಮುಚ್ಚಳ ತೆರೆದು ಉರಿಯುವ ದೀಪವನ್ನು ನೋಡುವುದೂ ಸಲ್ಲದು.