ಔಷಧಗ್ರಾಹಕದ ಚರಿತ್ರೆ: ಒಂದು ಸಾಕ್ಷ್ಯವಿಚಾರ

ಜೀವಕೋಶದ ಪೊರೆಯಲ್ಲಿ ನೆಲಸಿ, ಹೊರಗಿನಿಂದ ಬಂದ ಹಾರ್ಮೋನನ್ನೋ ಔಷಧವನ್ನೋ ಹಿಡಿದು, ಅದರ ಸೂಚನೆಯನ್ನು ಒಳಕ್ಕೆ ಮುಟ್ಟಿಸುವ ಪ್ರೋಟೀನಿಗೆ ಗ್ರಾಹಕವೆಂದು ಹೆಸರು. ಮಾನವನ ವಂಶವಾಹಿಯನ್ನು ಬೇರೊಂದು ಜೀವಿಯ ಕೋಶಗಳಲ್ಲಿ ಸೇರಿಸಿ, ಆ ಕೋಶಗಳಿಂದಲೇ ಇಂಥ ಪ್ರೋಟೀನನ್ನು ಮಾಡಿಸುವ ವಿಧಾನ ಈಗ ಬಳಕೆಯಲ್ಲಿದೆ. ಮರುಸಂಯೋಜಿತ ಗ್ರಾಹಕವೆನಿಸಿಕೊಂಡ ಈ ವಸ್ತು ಸಂಶೋಧನೆಯ ಉಪಯೋಗಕ್ಕಾಗಿ ಸಣ್ಣ ಸೀಸೆಗಳಲ್ಲಿ, ಮೈಕ್ರೊಗ್ರಾಂ ಲೆಕ್ಕದಲ್ಲಿ, ಕ್ರಯಕ್ಕೂ ದೊರೆಯುತ್ತದೆ. ಆದರೆ ಗ್ರಾಹಕವು ಆರು ದಶಕಗಳಿಗೂ ಮೀರಿ ಯಾರ ಕೈಗೂ ಸಿಕ್ಕದೆ, ಕೇವಲ ಅನುಮಾನಪ್ರಮಾಣದ ಬಲದಿಂದ ಶಾಸ್ತ್ರಗ್ರಂಥಗಳಲ್ಲಿ ಬದುಕಿತ್ತು. ಅದನ್ನು ಕಂಡುಹಿಡಿದವರು ಯಾರು, ಯಾವಾಗ ಎಂಬ ಪ್ರಶ್ನೆಗೆ ಉತ್ತರವು ನಾವು ಯಾವುದನ್ನು ಸಾಕ್ಷ್ಯವೆಂದು ಒಪ್ಪುತ್ತೇವೆಂಬುದನ್ನು ಅವಲಂಬಿಸಿದೆ. ಈ ಕಾರಣದಿಂದ ಇದು ಇತಿಹಾಸದ ವಿದ್ಯಾರ್ಥಿಗಳಿಗೂ ವಿಚಾರಾರ್ಹವಾದ ವಿಷಯವೆಂದು ನಾವು ಭಾವಿಸುತ್ತೇವೆ.

1905ರಲ್ಲಿ ಕೇಂಬ್ರಿಜ್ಜಿನ ಶರೀರಕ್ರಿಯಾವಿಜ್ಞಾನಿ ಜಾನ್ ನ್ಯೂಪೋರ್ಟ್ ಲ್ಯಾಂಗ್ಲಿಯವರು ಕೋಳಿಯ ಸ್ನಾಯುಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ನಿಕೊಟಿನ್ ಸ್ನಾಯುವನ್ನು ಸಂಕೋಚಗೊಳಿಸುತ್ತಿತ್ತು. ದಕ್ಷಿಣ ಅಮೆರಿಕದ ಬಾಣವಿಷವಾದ ಕ್ಯುರಾರೆ ಅದನ್ನು ತಡೆಯುತ್ತಿತ್ತು. ಇಂಥ ವಿಷಗಳು ನರದ ತುದಿಯ ಮೇಲೆ ಕೆಲಸಮಾಡುತ್ತವೆಂಬುದು ಅಂದು ಪ್ರಚಲಿತವಾಗಿದ್ದ ಮತ. ಲ್ಯಾಂಗ್ಲಿಯವರು ನರವನ್ನು ಕತ್ತರಿಸಿ, ಅದು ಕ್ಷಯಿಸುವವರೆಗೆ ಕಾದು, ಅನಂತರ ನಿಕೊಟಿನನ್ನು ಕೊಟ್ಟರು. ಸ್ನಾಯು ಆಗಲೂ ಸಂಕೋಚಗೊಂಡಿತು, ಕ್ಯುರಾರೆ ಆಗಲೂ ಅದನ್ನು ತಡೆಯಿತು. ಆದರೆ ಕ್ಯುರಾರೆ ತಗುಲಿದ ಸ್ನಾಯುವನ್ನೇ ನೇರವಾಗಿ ಪ್ರಚೋದಿಸಿದರೆ ಅದು ಮಿಡಿಯುತ್ತಿತ್ತು. ಹಾಗಾದರೆ ವಿಷ ಹಿಡಿಯುವ ಸ್ಥಾನ ನರವೂ ಅಲ್ಲ, ಸಂಕೋಚಿಸುವ ಸ್ನಾಯುದ್ರವ್ಯವೂ ಅಲ್ಲ. ಮೂರನೆಯದಾದ ಒಂದು ಗ್ರಹಣದ್ರವ್ಯ ಸ್ನಾಯುವಿನಲ್ಲಿ ಇರಲೇಬೇಕೆಂದು ಅವರು ತೀರ್ಮಾನಿಸಿದರು. ಪರಿಶೇಷನ್ಯಾಯದ ಇಷ್ಟು ಶುದ್ಧವಾದ ಪ್ರಯೋಗವನ್ನು ನಮ್ಮ ಪ್ರಾಚೀನ ತಾರ್ಕಿಕರು ಕಂಡಿದ್ದರೆ ಮೆಚ್ಚುತ್ತಿದ್ದರೆನ್ನಬೇಕು. ರಿಸೆಪ್ಟರ್ ಎಂಬ ಪದವನ್ನು ಜರ್ಮನಿಯ ಪಾಲ್ ಅರ್ಲಿಕ್ಕರು 1900ರಲ್ಲಿಯೇ ರೋಗನಿರೋಧದ ವಿಚಾರದಲ್ಲಿ ಬಳಸಿದ್ದರೂ, ಔಷಧಗಳಿಗೆ ಅದನ್ನು ಅನ್ವಯಿಸಲು ಅವರು ಒಪ್ಪಿದುದು 1907ರಲ್ಲಿ.

ಇದಕ್ಕಿಂತಲೂ ಸ್ವಾರಸ್ಯವಾದುದು ಅಮೆರಿಕದ ಜಾರ್ಜಿಯಾ ಪ್ರಾಂತದ ರೇಮಂಡ್ ಆಲ್‌ಕ್ವಿಸ್ಟರ ವೃತ್ತಾಂತ. ಅಡ್ರಿನಲಿನ್ ಮತ್ತು ಅದರ ಬಂಧುದ್ರವ್ಯಗಳನ್ನು ಬೇರೆ ಬೇರೆ ಅಂಗಗಳ ಮೇಲೆ ಪ್ರಯೋಗಿಸಿ, ಯಾವುದು ಹೆಚ್ಚು ಪ್ರಬಲ, ಯಾವುದು ಕಡಿಮೆ ಎಂದು ಅನುಕ್ರಮವಾಗಿ ಜೋಡಿಸಿದಾಗ ಅವರಿಗೆ ಎರಡೇ ಅನುಕ್ರಮಗಳು ಕಂಡುಬಂದವು. ಆದುದರಿಂದ ಗ್ರಾಹಕಗಳೂ ಎರಡು ಬಗೆಯವೆಂದು ಬಗೆದು ಅವಕ್ಕೆ ಆಲ್ಫಾ, ಬೀಟಾ ಎಂಬ ಹೆಸರಿಟ್ಟರು. ಔಷಧವಿಜ್ಞಾನದ ಪತ್ರಿಕೆಯೊಂದು ತಿರಸ್ಕರಿಸಿದ ಈ ಲೇಖನ 1948ರಲ್ಲಿ ಶರೀರಕ್ರಿಯಾವಿಜ್ಞಾನದ ಪತ್ರಿಕೆಯಲ್ಲಿ ಅಚ್ಚಾಯಿತು. ಹಲವು ವರ್ಷ ಅದನ್ನು ಗಮನಿಸಿದವರು ವಿರಳ. ಮುಂದೆ ಇಂಗ್ಲೆಂಡಿನಲ್ಲಿ ಜೇಮ್ಸ್ ಬ್ಲ್ಯಾಕ್ ಅವರು ಇದನ್ನೇ ಆಧಾರವಾಗಿಟ್ಟುಕೊಂಡು, ಹೃದಯದ ಬೀಟಾ ಗ್ರಾಹಕವನ್ನು ತಡೆಯುವ ಪ್ರೊಪ್ರನೊಲಾಲ್ ಎಂಬ ಔಷಧವನ್ನು 1960ರ ದಶಕದಲ್ಲಿ ಸಿದ್ಧಪಡಿಸಿದರು. ಎದೆನೋವಿನ ರೋಗಿಗಳು ಅದರಿಂದ ಉಪಶಮನ ಪಡೆದರು. ಆದರೂ 1973ರಲ್ಲಿ ಆಲ್‌ಕ್ವಿಸ್ಟರು, ಗ್ರಾಹಕಗಳು ನಿಜವಾಗಿ ಇವೆಯೆಂದು ನಂಬುವಷ್ಟು ದಾರ್ಷ್ಟ್ಯ ತಮಗಿಲ್ಲ, ಅವು ವಿವರಣೆಗಾಗಿ ಕಲ್ಪಿಸಿಕೊಂಡ ಭಾವನೆಗಳು ಮಾತ್ರ ಎಂಬ ಅರ್ಥದಲ್ಲಿ ಬರೆದರು. ಇದನ್ನು ಕೇವಲ ವಿನಯವೆಂದು ತಳ್ಳಿಹಾಕುವುದು ಸರಿಯಲ್ಲ. ತಮ್ಮ ಸಾಕ್ಷ್ಯ ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಅವರಿಗೆ ತಿಳಿದಿತ್ತು.

ಅಷ್ಟರಲ್ಲಿ ಕಾಲ ಬದಲಾಗಿತ್ತು. ಲ್ಯಾಂಗ್ಲಿಯವರ ಗ್ರಹಣದ್ರವ್ಯವನ್ನು ಪ್ಯಾರಿಸ್ಸಿನ ಶಾಂಜ್ಯೂ ಮೊದಲಾದವರು 1970ರಲ್ಲಿ ಕಟ್ಟುಹಾವಿನ ಜಾತಿಯ ಹಾವೊಂದರ ವಿಷದ ನೆರವಿನಿಂದ ವಿದ್ಯುನ್ಮೀನಿನ ಅಂಗದಲ್ಲಿ ಗುರುತಿಸಿದ್ದರು. ಬೀಟಾ ಗ್ರಾಹಕವು ಪೊರೆಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವುದರಿಂದ ಅದನ್ನು ಬೇರ್ಪಡಿಸುವುದು ಬಹು ದುಸ್ಸಾಧ್ಯವಾಗಿತ್ತು. ಡ್ಯೂಕ್ ವಿಶ್ವವಿದ್ಯಾಲಯದ ರಾಬರ್ಟ್ ಲೆಫ್ಕೊವಿಟ್ಜ್ ಮತ್ತು ಸಹೋದ್ಯೋಗಿಗಳು 1986ರಲ್ಲಿ ಹ್ಯಾಮ್‌ಸ್ಟರ್ ಪ್ರಾಣಿಯ ಬೀಟಾ ಗ್ರಾಹಕದ ವಂಶವಾಹಿಯನ್ನೂ, 1987ರಲ್ಲಿ ಮಾನವನದನ್ನೂ ಓದಿದರು. 413 ಅಮೈನೋ ಆಮ್ಲಗಳ ಆ ಸರಪಳಿ ಪೊರೆಯನ್ನು ಏಳು ಬಾರಿ ಹಾಯುತ್ತದೆ. ಆಲ್‌ಕ್ವಿಸ್ಟರು ಇದನ್ನು ನೋಡಲಿಲ್ಲ, 1983ರಲ್ಲಿಯೇ ತೀರಿಕೊಂಡಿದ್ದರು.

2007ರಲ್ಲಿ ಬ್ರಯಾನ್ ಕೊಬಿಲ್ಕ ಮೊದಲಾದವರು ಅದರ ಆಕಾರವನ್ನು ಸ್ಫಟಿಕದಲ್ಲಿ ಕಂಡುಕೊಂಡರು. ಸ್ಫಟಿಕಕ್ಕೆ ಬೇಕಾದ ಮಾನವ ಗ್ರಾಹಕ ತಯಾರಾದುದು ಒಂದು ಪತಂಗದ ಕೋಶಗಳಲ್ಲಿ. 2018ರಲ್ಲಿ ಭಾರತದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡು ಕರ್ನಾಟಕದ ಮುಸುಕಿನ ಜೋಳವನ್ನು ಮೇಯ್ದ ಸೈನಿಕ ಹುಳುವಿನ ಜಾತಿಯೇ ಅದು! ಇಷ್ಟೇ ಅಲ್ಲ: ಪ್ರೋಟೀನು ಸ್ಥಿರವಾಗಿ ನಿಲ್ಲಲೆಂದು ಒಂದು ಪ್ರಯೋಗದಲ್ಲಿ ಅದರ ಕುಣಿಕೆಯೊಂದನ್ನು ತೆಗೆದು, ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್ಸೊಂದರ ಪ್ರೋಟೀನನ್ನು ಅಲ್ಲಿ ಹೊಲಿದಿದ್ದರು. ಶಾಸನದ ಪಡಿಯಚ್ಚನ್ನು ಓದುವವರು ಕಲ್ಲಿನ ಬಿರುಕನ್ನೂ ಕಾಗದದ ಸುಕ್ಕನ್ನೂ ಅಕ್ಷರದಿಂದ ಬೇರ್ಪಡಿಸುವಂತೆ, ಇಲ್ಲಿಯೂ ಮೂಲವಾವುದು, ಸೇರಿಸಿದುದಾವುದು ಎಂದು ವಿವೇಚಿಸಬೇಕಾಗುತ್ತದೆ.

ಈ ಕಾರ್ಯಕ್ಕಾಗಿ ಲೆಫ್ಕೊವಿಟ್ಜ್ ಮತ್ತು ಕೊಬಿಲ್ಕರಿಗೆ 2012ರಲ್ಲಿ ನೊಬೆಲ್ ಬಹುಮಾನ ಸಂದಿತು. ಅದು ಸರ್ವಥಾ ಉಚಿತ. ಆದರೆ ಗ್ರಾಹಕದ ಇರವು ಸಿದ್ಧವಾದುದೇ ಆಗ ಎಂಬ ಮತವನ್ನು ನಾವು ಒಪ್ಪಲಾರೆವು. ಪತಂಗದ ಕೋಶದಲ್ಲಿ ತಯಾರಾದ ಪ್ರೋಟೀನು ಬೀಟಾ ಗ್ರಾಹಕವೇ ಹೌದೆಂದು ನಿರ್ಧರಿಸುವ ಬಗೆ ಯಾವುದು? ಐಸೊಪ್ರೊಟೆರಿನಾಲ್, ಅಡ್ರಿನಲಿನ್, ನಾರಡ್ರಿನಲಿನ್‌ಗಳನ್ನು ಒಂದೊಂದಾಗಿ ಕೊಟ್ಟು, ಅದು ಅವುಗಳನ್ನು ಯಾವ ಅನುಕ್ರಮದಲ್ಲಿ ಬಲವಾಗಿ ಹಿಡಿಯುತ್ತದೆಂದು ನೋಡುತ್ತಾರೆ. ಐಸೊಪ್ರೊಟೆರಿನಾಲ್ ಮೊದಲು, ನಾರಡ್ರಿನಲಿನ್ ಕಡೆಗೆ ಬರುವ ಆ ಅನುಕ್ರಮ 1948ರ ಲೇಖನದಲ್ಲಿದೆ.